ನಿಲ್ಲುವಾಗ ನಡುಗುವ ಕಾರು

ನಮ್ಮ ಆಲಂಕಾರಿಕರು ಸಾತ್ತ್ವಿಕ ಭಾವಗಳು ಎಂಟೆಂದು ಹೇಳಿದ್ದಾರೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ವರ್ಷಕ್ಕೊಮ್ಮೆ ಬಿ.ಎ. ತರಗತಿಯ ಮುಂದೆ ನಿಂತು ಈ ಎಂಟನ್ನೂ ಬೆರಳು ಮಡಿಸುತ್ತ ಎಣಿಸುವುದು ನನ್ನ ಉದ್ಯೋಗದ ಒಂದು ಭಾಗ. ವೇಪಥು ಎಂದರೆ ನಡುಕ. ಸ್ತಂಭವೆಂದರೆ ಚಲನೆಯೇ ನಿಂತುಹೋಗುವುದು. ಶಾಸ್ತ್ರದಲ್ಲಿ ಸ್ತಂಭ ಮೊದಲನೆಯದು, ವೇಪಥು ಐದನೆಯದು. ನಮ್ಮ ಕಾರಿನಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿತ್ತು. ಅದು ಮೊದಲು ನಡುಗುತ್ತಿತ್ತು. ಮನಸ್ಸು ಬಂದರೆ ಆಮೇಲೆ ನಿಲ್ಲುತ್ತಿತ್ತು.

ಕಾರು ಎಂದೊಡನೆ ಓದುಗರು ನನ್ನನ್ನು ಸ್ಥಿತಿವಂತನೆಂದು ಭಾವಿಸಬಾರದು. ಅದು ಹನ್ನೆರಡು ವರ್ಷ ಹಳೆಯ ಸಣ್ಣ ಗಾಡಿ. ನನಗಿಂತ ಮೊದಲು ಇಬ್ಬರು ಯಜಮಾನರನ್ನು ಕಂಡಿತ್ತು. ನಮ್ಮ ತಂದೆಯವರ ಮಂಡಿ ಬಸ್ಸಿನ ಮೆಟ್ಟಿಲನ್ನು ಒಲ್ಲೆನೆಂದಿತು. ಅವರನ್ನು ತಿಂಗಳಿಗೆರಡು ಬಾರಿ ಕೋಲಾರದ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಾಗಾಗಿ ಸಾಲ ಮಾಡಿ ಕೊಂಡದ್ದು. ಕೊಂಡ ಮೇಲೆ ಮನೆಯ ಮುಂದೆ ಸುಮ್ಮನೆ ನಿಲ್ಲಿಸುವುದೇಕೆಂದು ಕಾಲೇಜಿಗೂ ಅದರಲ್ಲೇ ಹೋಗತೊಡಗಿದೆ. ಮನೆ ಬಂಗಾರಪೇಟೆಯಲ್ಲಿ, ಪಾಠ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಎರಡೂ ಹೆಸರಿನಲ್ಲಿ ಚಿನ್ನವಿದೆಯಲ್ಲ ಎಂದು ಹೊರಗಿನ ಗೆಳೆಯರು ಹಾಸ್ಯ ಮಾಡುವುದುಂಟು. ನಮ್ಮ ಪೇಟೆಯ ಬಂಗಾರವಾದರೋ ಕಿವಿ ತಪ್ಪಿ ಹುಟ್ಟಿದ್ದು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಜನರ ಬಾಯಲ್ಲಿ ಉರುಳಿ ಬಂಗಾರಪೇಟೆಯಾಯಿತು. ದಾರಿ ಹದಿಮೂರು ಹದಿನಾಲ್ಕು ಕಿಲೋಮೀಟರು ಇದ್ದೀತು. ಅಷ್ಟರಲ್ಲಿ ಎಷ್ಟು ಬಾರಿ ಬ್ರೇಕು ಒತ್ತಬೇಕಾಗುತ್ತದೆಂಬುದನ್ನು ನಮ್ಮ ಕಡೆಯ ರಸ್ತೆ ಕಂಡವರಿಗೆ ಹೇಳಬೇಕಾಗಿಲ್ಲ.

ನಡುಕ ಯಾವ ದಿನ ಆರಂಭವಾಯಿತೆಂದು ನನಗೆ ತಿಳಿಯದು. ರೋಗಗಳ ಹಾಗೆ ಅದೂ ಕಳ್ಳಹೆಜ್ಜೆಯಲ್ಲಿ ಬಂದಿತು. ಮೊದಮೊದಲು ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಸ್ಟಿಯರಿಂಗ್ ಚಕ್ರ ಅಂಗೈಯಲ್ಲಿ ಕಚಗುಳಿಯಿಟ್ಟಂತಾಗುತ್ತಿತ್ತು. ರಸ್ತೆಯ ದೋಷವೆಂದು ಸುಮ್ಮನಾದೆ. ನಮ್ಮಲ್ಲಿ ಯಾವ ದೋಷವನ್ನಾದರೂ ರಸ್ತೆಯ ಮೇಲೆ ಹೊರಿಸಿದರೆ ಯಾರೂ ಅನುಮಾನಿಸುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಕಚಗುಳಿ ಅದುರಾಯಿತು, ಅದುರು ನಡುಕವಾಯಿತು, ನಡುಕ ಕೊನೆಗೆ ಕುಲುಕಾಟವಾಯಿತು. ಅರವತ್ತು ಎಪ್ಪತ್ತು ಕಿಲೋಮೀಟರು ವೇಗದಲ್ಲಿದ್ದಾಗ ಬ್ರೇಕಿನ ಮೇಲೆ ಕಾಲಿಟ್ಟರೆ ಸ್ಟಿಯರಿಂಗು ಎಡಕ್ಕೂ ಬಲಕ್ಕೂ ತಲೆಯಾಡಿಸುವುದು, ಮುಂದಿನ ಗಾಜಿನ ಬಳಿ ಕೂರಿಸಿದ್ದ ಪುಟ್ಟ ಗಣಪತಿ ತಾಳ ಹಾಕುವುದು. ಕಾಲು ತೆಗೆದರೆ ಎಲ್ಲವೂ ಶಾಂತ. ಆರು ವರ್ಷದ ನನ್ನ ಮಗಳಿಗೆ ಇದು ಬಹಳ ಹಿಡಿಸಿತ್ತು. "ಅಪ್ಪಾ, ಕಾರಿಗೆ ಚಳಿ! ಇನ್ನೊಂದು ಸಲ ಚಳಿ ಬರ್ಸು" ಎಂದು ಹಿಂದಿನ ಸೀಟಿನಿಂದ ಒತ್ತಾಯಿಸುತ್ತಿದ್ದಳು.

ಉಪನ್ಯಾಸಕರ ಕೊಠಡಿಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದ್ದು ನನ್ನ ಮೊದಲ ತಪ್ಪು. ಭೌತಶಾಸ್ತ್ರದವರು ಅನುರಣನವೆಂದರು. ಅರ್ಥಶಾಸ್ತ್ರದವರು ಈಗಲೇ ಮಾರಿಬಿಡಿ ಎಂದರು. ಸಂಸ್ಕೃತದವರು ಕಾರನ್ನು ಯಾವ ನಕ್ಷತ್ರದಲ್ಲಿ ಮನೆಗೆ ತಂದಿರೆಂದು ಕೇಳಿದರು. ಇತಿಹಾಸದವರು ತಮ್ಮ ತಂದೆಯವರ ಕಾಲದ ಅಂಬಾಸಿಡರು ಹೀಗೆ ಎಂದೂ ನಡುಗಲಿಲ್ಲವೆಂದು ನೆನಪಿಸಿಕೊಂಡರು. ಕೊನೆಗೆ ಎಲ್ಲರೂ ಒಮ್ಮತಕ್ಕೆ ಬಂದುದು ಒಂದು ಮಾತಿನಲ್ಲಿ: ಚಕ್ರದ ಅಲೈನ್‌ಮೆಂಟ್ ಹೋಗಿದೆ.

ಬಂಗಾರಪೇಟೆಯಲ್ಲಿ ನಾನು ಗಾಡಿ ಬಿಡುವ ಷೆಡ್ಡು ಒಂದಿದೆ. ಅದನ್ನು ನಡೆಸುವ ಹುಡುಗನಿಗೆ ಇಪ್ಪತ್ತೈದು ವರ್ಷವಿರಬಹುದು. ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟವನು, ಮಾತು ಕಡಮೆ. ನಾನು ಹೋದವನೇ "ಅಲೈನ್‌ಮೆಂಟೂ ಬ್ಯಾಲೆನ್ಸಿಂಗೂ ಮಾಡಿಸಿಬಿಡಪ್ಪ" ಎಂದೆ. ಗಮನಿಸಬೇಕು: ಕಾರು ಏನು ಮಾಡುತ್ತಿದೆಯೆಂದು ನಾನು ಅವನಿಗೆ ಹೇಳಲೇ ಇಲ್ಲ. ಏನು ಮಾಡಬೇಕೆಂದು ಅಪ್ಪಣೆ ಕೊಟ್ಟೆ. ವೈದ್ಯರ ಬಳಿ ಹೋಗಿ ಹೊಟ್ಟೆನೋವೆನ್ನದೆ ಇಂತಹ ಗುಳಿಗೆ ಕೊಡಿ ಎಂದಂತೆ. ಅವನು ಮಾಡಿಸಿದ. ಕಾರು ಮೊದಲಿನಂತೆಯೇ ನಡುಗಿತು. ಎರಡನೆಯ ಬಾರಿ ಹೋದಾಗ, ಯಾರೋ ಹೇಳಿದರೆಂದು, ಬ್ರೇಕ್ ಪ್ಯಾಡು ಬದಲಿಸೆಂದೆ. ಬದಲಿಸಿದ. ಏನೋ ಹೇಳಲು ಬಾಯಿ ತೆರೆದ. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೊತ್ತಾಯಿತೆಂದು ನಾನು ಬಿಲ್ಲು ಕಿಸೆಗೆ ಹಾಕಿಕೊಂಡು ಹೊರಟುಬಿಟ್ಟೆ. ಒಂದು ವಾರ ನಡುಕ ತಗ್ಗಿದಂತಿತ್ತು. ಎಂಟನೆಯ ದಿನ ಮರಳಿ ಬಂತು, ಬಡ್ಡಿಯೊಡನೆ.

ಮೂರನೆಯ ಬಾರಿ ಹೋದಾಗ ನಾನು ಕೋಪದಲ್ಲಿದ್ದೆ. ಷೆಡ್ಡಿನಲ್ಲಿ ಬೇರೆ ನಾಲ್ಕೈದು ಜನ ಗಿರಾಕಿಗಳಿದ್ದರು. ಅವರ ಮುಂದೆಯೇ, "ಕೆಲಸ ಬಾರದಿದ್ದರೆ ಬಾರದೆಂದು ಹೇಳಬೇಕು. ಓದು ಹತ್ತದವರೆಲ್ಲ ಸ್ಪ್ಯಾನರ್ ಹಿಡಿದರೆ ಹೀಗೆಯೇ ಆಗುವುದು" ಎಂದುಬಿಟ್ಟೆ. ಮಾತು ಇಷ್ಟೇ. ಬರೆಯುವಾಗ ಕೈ ತಡೆಯುತ್ತದೆ. ಹುಡುಗ ಎಣ್ಣೆಗೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ನೆಲ ನೋಡಿದ. ಮರುಮಾತಾಡಲಿಲ್ಲ. ನಾನು ಗೆದ್ದವನಂತೆ ಗಾಡಿ ಹತ್ತಿ ಬಂದೆ.

ಅದಾದ ಹತ್ತು ದಿನಕ್ಕೆ ನಡೆದ ಸಂಗತಿಯಿದು. ಸಂಜೆ ಮಗಳನ್ನು ಕೂರಿಸಿಕೊಂಡು ಗಣಿಯ ಕಡೆಯಿಂದ ಮನೆಗೆ ಹಿಂದಿರುಗುತ್ತಿದ್ದೆ. ಹುಣಸೆಮರಗಳ ತಿರುವಿನಲ್ಲಿ ಕಾಲುದಾರಿಯೊಂದು ರಸ್ತೆಗೆ ಸೇರುತ್ತದೆ. ಅಲ್ಲಿಂದ ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಸೈಕಲ್ಲಿನಲ್ಲಿ ಸರ್ರನೆ ರಸ್ತೆಗೆ ಇಳಿದ. ನಾನು ಬ್ರೇಕು ಒತ್ತಿದೆ. ಸ್ಟಿಯರಿಂಗು ಗಡಗಡನೆ ಅದುರಿತು. ಆ ಅದುರಿಗೆ ಹೆದರಿ, ಎಂದಿನ ಅಭ್ಯಾಸದಿಂದ, ನನ್ನ ಕಾಲು ಅರೆಕ್ಷಣ ತಾನಾಗಿ ಹಿಂದೆ ಸರಿಯಿತು. ನಡುಗುವ ಕಾರಿನ ನಿಜವಾದ ಅಪಾಯವೇ ಇದು. ಯಂತ್ರದ ದೋಷ ಚಾಲಕನ ಕಾಲಿಗೆ ಅಂಟುತ್ತದೆ. ಮತ್ತೆ ಒತ್ತಿದೆ. ಸೈಕಲ್ಲಿನ ಹಿಂಗಾಲಿಗೂ ನನ್ನ ಬಂಪರಿಗೂ ಒಂದು ಮೊಳ ಉಳಿದಿತ್ತು. ಹುಡುಗ ಬೀಳಲಿಲ್ಲ. ಅವನ ಊಟದ ಡಬ್ಬಿ ಮಾತ್ರ ಬಿದ್ದು ಟಾರಿನ ಮೇಲೆ ಉರುಳಿತು. ಅವನು ಅದನ್ನೆತ್ತಿಕೊಂಡು, ನನ್ನತ್ತ ನೋಡಿ ನಕ್ಕು, ಹೊರಟೇಹೋದ. ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ನು ಆರಿಸಿದ ಮೇಲೂ ನಡುಕ ನಿಲ್ಲಲಿಲ್ಲ. ನೋಡಿದರೆ ನಡುಗುತ್ತಿದ್ದುದು ನನ್ನ ಕೈ. ಹಿಂದಿನಿಂದ ಮಗಳು, "ಅಪ್ಪಾ, ಇವತ್ತು ಚಳಿ ಜಾಸ್ತಿ" ಎಂದಳು. ಅವಳ ದನಿಯಲ್ಲಿ ಎಂದಿನ ನಗೆಯಿರಲಿಲ್ಲ.

ಮನೆಯಲ್ಲಿ ನನ್ನಾಕೆ ಎಲ್ಲವನ್ನೂ ಕೇಳಿ, ಕಾರಿನ ಬೀಗದ ಕೈಯನ್ನು ತೆಗೆದು ಸಾಸಿವೆ ಡಬ್ಬಿಯಲ್ಲಿ ಹಾಕಿದಳು. "ರೀ, ಇದು ನೆಟ್ಟಗಾಗೋವರೆಗೂ ನಮ್ಮನೆಯೋರು ಯಾರೂ ಇದನ್ನ ಹತ್ತೋ ಹಾಗಿಲ್ಲ. ನೀವೂನೂ." ತಂದೆಯವರು ಪತ್ರಿಕೆಯಿಂದ ತಲೆಯೆತ್ತದೆಯೇ ಹೂಂಗುಟ್ಟಿದರು.

ಮಾರನೆಯ ವಾರ ರೈಲಿನಲ್ಲಿ ಓಡಾಡಿದೆ. ಬಂಗಾರಪೇಟೆಯಿಂದ ಗಣಿಗೆ ಹೋಗುವ ಆ ಕವಲು ಹಳಿ 1894ರಲ್ಲಿ ಆರಂಭವಾದುದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರು ಓದುತ್ತ ಕುಳಿತಿರುವಾಗ, ನನ್ನ ವಿದ್ಯಾರ್ಥಿಯೊಬ್ಬ ಕಾರೇಕೆ ಬಿಟ್ಟಿರೆಂದು ಕೇಳಿದ. ಹೇಳಿದೆ. "ನಮ್ಮ ತಾತ ಗಣಿಯಲ್ಲಿ ಫಿಟ್ಟರಾಗಿದ್ರು ಸಾರ್. ಒಂದ್ಸಲ ತೋರಿಸಿ ನೋಡಿ" ಎಂದ. ಗಣಿಯ ಫಿಟ್ಟರಿಗೂ ಕಾರಿಗೂ ಏನು ಸಂಬಂಧವೆಂದು ಮನಸ್ಸಿನಲ್ಲಿ ಅಂದುಕೊಂಡೆ. ಆದರೂ ಭಾನುವಾರ ಬೆಳಿಗ್ಗೆ ನನ್ನಾಕೆಯಿಂದ ವಿಶೇಷ ಪರವಾನಗಿ ಪಡೆದು, ಮೂವತ್ತರ ವೇಗ ಮೀರದಂತೆ ಗಾಡಿಯನ್ನು ನಡೆಸಿಕೊಂಡು ಹೋದೆ.

ಚಾಂಪಿಯನ್ ರೀಫಿನ ಕಡೆಯ ಹಳೆಯ ಲೈನ್ ಮನೆಗಳಲ್ಲಿ ಒಂದು ಅವರದು. ಹಿಂದೆ ಸೈನೈಡು ಮಣ್ಣಿನ ಬೂದು ದಿಬ್ಬ. ಮುಂದೆ ಒಂದು ನುಗ್ಗೆಯ ಮರ. ತಾತನಿಗೆ ಎಪ್ಪತ್ತು ದಾಟಿದೆ. ಮನೆಮಾತು ತಮಿಳು, ನನ್ನೊಡನೆ ಆಡಿದ್ದು ಗಣಿಯ ಕನ್ನಡ, ತೆಲುಗು ತಮಿಳು ಇಂಗ್ಲಿಷು ಎಲ್ಲವೂ ಬೆರೆತ, ಆದರೆ ಒಂದೂ ಮಾತು ವ್ಯರ್ಥವಾಗದ ಭಾಷೆ. ಅವರು ಕೆಲಸ ಮಾಡಿದ್ದು ವೈಂಡರಿನಲ್ಲಿ. ಜನರನ್ನು ತುಂಬಿದ ಕೇಜನ್ನು ಬಾವಿಗೆ ಇಳಿಸಿ ಏರಿಸುವ ದೊಡ್ಡ ಯಂತ್ರವದು. ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಭಾರಿ ಡ್ರಮ್ಮು, ಅದನ್ನು ಹಿಡಿದು ನಿಲ್ಲಿಸುವ ಬ್ರೇಕು. ಚಾಂಪಿಯನ್ ರೀಫು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ. ಒಂದೇ ಬಾವಿಯಲ್ಲಿ ಅಷ್ಟು ಇಳಿಯಲಾಗದು, ಹಂತಹಂತವಾಗಿ ಇಳಿಯಬೇಕು. ಪ್ರತಿ ಹಂತದಲ್ಲೂ ಮನುಷ್ಯನ ಪ್ರಾಣ ಒಂದು ಹಗ್ಗದ ಮೇಲೆ ಮತ್ತು ಒಂದು ಬ್ರೇಕಿನ ಮೇಲೆ ನಿಂತಿರುತ್ತದೆ.

"ದಿನಾ ಬೆಳಿಗ್ಗೆ ಬ್ರೇಕ್ ನೋಡದೆ ಕೇಜ್ ಇಳಿಸ್ತಿರಲಿಲ್ಲ ಮೇಷ್ಟ್ರೇ" ಎಂದರು. "ನೀವು ಎಷ್ಟು ತಿಂಗಳಿಂದ ಓಡಿಸ್ತಿದ್ದೀರಿ?"

ಐದು ತಿಂಗಳೆಂದು ಹೇಳಲು ನಾಚಿಕೆಯಾಯಿತು. ಮೂರೆಂದೆ.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನನ್ನ ವಿದ್ಯಾರ್ಥಿಗಳಿಗೆ ಮಾದರಿಯಾಗಿ ಕೊಡಬಹುದು. ನಡುಕ ಸುಮ್ಮನೆ ಓಡುವಾಗಲೂ ಇದೆಯೋ, ಬ್ರೇಕು ಒತ್ತಿದಾಗ ಮಾತ್ರವೋ? ಒತ್ತಿದಾಗ ಮಾತ್ರವೆಂದರೆ ಚಕ್ರದ ತೂಕ ಸಮವಿಲ್ಲವೆಂಬ ಮಾತು ಅಲ್ಲಿಗೇ ಬಿತ್ತು. ತೂಕ ತಪ್ಪಿದ ಚಕ್ರ ಬ್ರೇಕಿಗಾಗಿ ಕಾಯುವುದಿಲ್ಲ, ಬರಿಯ ಓಟದಲ್ಲೇ ನಡುಗುತ್ತದೆ. ನಡುಕ ಕೈಗೆ ಬರುತ್ತದೋ, ಕುಳಿತ ಜಾಗಕ್ಕೆ ಬರುತ್ತದೋ? ಕೈಗೆ ಬಂದರೆ ಮುಂದಿನ ಚಕ್ರ, ಸೀಟಿಗೆ ಬಂದರೆ ಬಹುಮಟ್ಟಿಗೆ ಹಿಂದಿನದು. ಪೆಡಲು ಕಾಲನ್ನು ಹಿಂದಕ್ಕೆ ತಳ್ಳುತ್ತದೋ? ವೇಗ ಕಡಮೆಯಾದಂತೆ ಏಟುಗಳ ನಡುವೆ ಅಂತರ ಹೆಚ್ಚುತ್ತದೋ? ಹೆಚ್ಚಿದರೆ ಆ ನಡುಕ ಚಕ್ರದ ಸುತ್ತಿಗೆ ಕಟ್ಟಿಕೊಂಡದ್ದು. ಹದಿಮೂರು ವರ್ಷ ಪಾಠ ಹೇಳಿದ ನನಗೆ ಕಂಪ, ನಡುಕ, ಅದುರು, ಕುಲುಕು, ಒಲಪು, ತತ್ತರ ಎಂಬ ಪದಗಳೆಲ್ಲ ಗೊತ್ತಿದ್ದವು. ಆದರೆ ನನ್ನ ಕಾರಿನ ನಡುಕ ಕೈಗೆ ಬರುತ್ತಿತ್ತೋ ಸೀಟಿಗೋ ಎಂದು ಕೇಳಿದರೆ ಉತ್ತರವಿರಲಿಲ್ಲ.

"ಹಾಗಾದ್ರೆ ಹೋಗಿ ಕೇಳ್ಕೊಂಡು ಬರೋಣ" ಎಂದು ತಾತ ಮುಂದಿನ ಸೀಟಿನಲ್ಲಿ ಕುಳಿತರು. ಜನವಿಲ್ಲದ ನೇರ ರಸ್ತೆಯಲ್ಲಿ, ಮೂವತ್ತರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ಅದನ್ನು ಮೆಲ್ಲಗೆ ಎತ್ತಲು ಹೇಳಿದರು. ನಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕು ಹಿಂದಿನ ಡ್ರಮ್ಮುಗಳನ್ನು ಮಾತ್ರ ಹಿಡಿಯುತ್ತದೆ. ಗಾಡಿ ಒಂದಿಷ್ಟೂ ನಡುಗದೆ ನಿಧಾನವಾಯಿತು. ಹಿಂದಿನ ಚಕ್ರಗಳು ನಿರ್ದೋಷಿಗಳೆಂದು ಸಾಬೀತಾಯಿತು. ಓದುಗರು ಇದನ್ನು ಪೇಟೆಯ ರಸ್ತೆಯಲ್ಲಾಗಲಿ, ಮಳೆಯಲ್ಲಾಗಲಿ ಪ್ರಯೋಗಿಸಬಾರದು. ಹೆಚ್ಚಾಗಿ ಎಳೆದರೆ ಹಿಂಗಾಲು ಜಾರುತ್ತದೆ. ಮತ್ತೆ ಕಾಲಿನ ಬ್ರೇಕು ಒತ್ತಿಸಿದರು. ಕೈ ನಡುಗಿತು. ತಾತ ಕಣ್ಣು ಮುಚ್ಚಿ ಕುಳಿತಿದ್ದರು. "ಮುಂದೆ. ಎಡಗಡೆ ಅನ್ಸುತ್ತೆ" ಎಂದರು.

ಮನೆಯ ಮುಂದೆ ಜಾಕಿಯೇರಿಸಿ ಎಡಚಕ್ರವನ್ನು ಮೊದಲು ಮೇಲೆ ಕೆಳಗೆ, ಬಳಿಕ ಅಕ್ಕಪಕ್ಕ ಹಿಡಿದು ಅಲುಗಿಸಿದರು. ಬೇರಿಂಗು, ಕೀಲು ಸಡಿಲವಾಗಿದ್ದರೂ ಹೀಗೆಯೇ ನಡುಗುವುದುಂಟಂತೆ, ಮತ್ತು ಅದು ಇದಕ್ಕಿಂತ ಅಪಾಯ. ಅವು ಭದ್ರವಾಗಿದ್ದವು. ಚಕ್ರ ಬಿಚ್ಚಿದರು. ಬಿಚ್ಚುವಾಗಲೇ ಒಂದು ಬೋಲ್ಟಿನ ಬಳಿ ಕೈ ನಿಂತಿತು. ಅದರ ಮರೆಯ ಮೇಲೆ ಉಗುರಿಟ್ಟು ನೋಡಿದರು. ಒಂದು ಕಡೆ ಮರೆ ಎಳೆದು ಹಿಗ್ಗಿದಂತಿತ್ತು.

"ಇದರ ಮೇಲೆ ಯಾರೋ ನಿಂತಿದ್ದಾರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ, ತಟಕ್ಕನೆ, ಅರ್ಥವಾಯಿತು. ಏಳು ತಿಂಗಳ ಹಿಂದೆ ಮುಳಬಾಗಿಲಿನಿಂದ ಬರುವ ದಾರಿಯಲ್ಲಿ ಪಂಕ್ಚರಾಗಿತ್ತು. ಮಾವನವರೂ ನನ್ನಾಕೆಯೂ ನೋಡುತ್ತಿರುವಾಗ, ನಾನೇ ಸ್ಟೆಪ್ನಿ ಹಾಕಿದೆ. ಪೌರುಷ ಪ್ರದರ್ಶನಕ್ಕೆ ಅವಕಾಶ ಮೇಷ್ಟರಿಗೆ ಎಲ್ಲಿ ಸಿಕ್ಕೀತು! ನಟ್ಟುಗಳು ಬಿಗಿಯಾಗಿರಲೆಂದು ಸ್ಪ್ಯಾನರಿನ ಮೇಲೆ ಚಪ್ಪಲಿ ಕಾಲಿಟ್ಟು ನಿಂತು ಎರಡು ಬಾರಿ ಕುಣಿದಿದ್ದೆ. ಒಂದನ್ನು ಪೂರ್ತಿ ಬಿಗಿದು ಅನಂತರ ಪಕ್ಕದ್ದು, ಅನಂತರ ಅದರ ಪಕ್ಕದ್ದು. ಹೀಗೆ ವೃತ್ತಾಕಾರವಾಗಿ ಬಿಗಿದಿದ್ದೆ. ಆಮೇಲೆ ಎರಡು ತಿಂಗಳು ಆ ಚಕ್ರವನ್ನು ಯಾರೂ ಮುಟ್ಟಿರಲಿಲ್ಲ. ತಾತನಿಗೆ ಇದನ್ನೆಲ್ಲ ಹೇಳಿದೆ. ಈ ಬಾರಿ ಏನನ್ನೂ ಕಡಮೆ ಮಾಡಿ ಹೇಳಲಿಲ್ಲ.

ಅವರು ಒಳಗೆ ಹೋಗಿ ಮರದ ಪೆಟ್ಟಿಗೆಯೊಂದನ್ನು ತಂದರು. ಅದರಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಮೈಕ್ರೋಮೀಟರು ಮತ್ತು ಡಯಲ್ ಗೇಜು. "ಕಂಪೆನಿ ಮಾಲಲ್ಲ, ನನ್ನ ಸಂಬಳದಲ್ಲಿ ತಗೊಂಡಿದ್ದು" ಎಂದು ನಾನು ಕೇಳದಿದ್ದರೂ ಹೇಳಿದರು. ಡಿಸ್ಕನ್ನು ನಟ್ಟು ಹಾಕಿ ಹಬ್ಬಿಗೆ ಒತ್ತಿ, ಅದರ ಮುಖಕ್ಕೆ ಗೇಜಿನ ಮುಳ್ಳು ತಾಗಿಸಿ ಕೈಯಿಂದ ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದು ಸುತ್ತಿಗೆ ಒಮ್ಮೆ ಮುಂದೆ ಹೋಗಿ ಹಿಂದೆ ಬಂದಿತು. ಬಳಿಕ ಡಿಸ್ಕಿನ ಅಂಚಿನ ಸುತ್ತ ಎಂಟು ಕಡೆ ಸೀಮೆಸುಣ್ಣದ ಗುರುತು ಹಾಕಿ, ಪ್ರತಿಯೊಂದರಲ್ಲೂ ದಪ್ಪವನ್ನು ಅಳೆದರು. ಅವರು ಅಂಕಿ ಹೇಳಿದರು, ನಾನು ಹಾಜರಿ ಪಟ್ಟಿಯ ಹಿಂಬದಿಗೆ ಬರೆದುಕೊಂಡೆ. ಅತಿ ದಪ್ಪಕ್ಕೂ ಅತಿ ತೆಳುವಿಗೂ ವ್ಯತ್ಯಾಸ ಒಂದು ಅಂಗುಲದ ಸಾವಿರ ಭಾಗದಲ್ಲಿ ಒಂದೂವರೆ ಭಾಗ. ಮಿಲಿಮೀಟರಿನ ನೂರು ಭಾಗದಲ್ಲಿ ನಾಲ್ಕು ಎನ್ನಿ. ಒಂದು ಕೂದಲೆಳೆಯ ಸುಮಾರು ಅರ್ಧ.

"ಇಷ್ಟಕ್ಕೇನು?" ಎಂದೆ.

"ಇಷ್ಟೇ ಸಾಕು."

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಡಿಸ್ಕ್ ಬ್ರೇಕೆಂದರೆ ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆ. ಅದನ್ನು ಎರಡು ಕಡೆಯಿಂದ ಹಿಡಿಯುವ ಎರಡು ಪ್ಯಾಡು. ಒಂದು ನಟ್ಟು ವಿಪರೀತ ಬಿಗಿ, ಇನ್ನೊಂದು ಸಾಲದಷ್ಟು ಬಿಗಿಯಾದರೆ, ಅಥವಾ ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕಿನ ಹಕ್ಕಳೆ ಸಿಕ್ಕಿಕೊಂಡರೆ, ತಟ್ಟೆ ನೇರವಾಗಿ ಕೂರುವುದಿಲ್ಲ. ತಿರುಗುವಾಗ ಕೂದಲೆಳೆಯಷ್ಟು ಓಲಾಡುತ್ತದೆ. ಓಲಾಡುವ ತಟ್ಟೆಯ ಒಂದು ಭಾಗ, ಬ್ರೇಕು ಒತ್ತದಿರುವಾಗಲೂ, ಪ್ರತಿ ಸುತ್ತಿನಲ್ಲಿ ಪ್ಯಾಡಿಗೆ ತಾಗಿ ಹೋಗುತ್ತದೆ. ಸಾವಿರಾರು ಕಿಲೋಮೀಟರಿನಲ್ಲಿ ಆ ಭಾಗ ಸವೆದು ತೆಳುವಾಗುತ್ತದೆ. ಕೆಲವೊಮ್ಮೆ ಕಾದ ಪ್ಯಾಡಿನ ಪುಡಿ ಒಂದೆಡೆ ಹತ್ತಿ ದಪ್ಪವೂ ಆಗುತ್ತದೆ. ಆಮೇಲೆ ನಟ್ಟನ್ನು ಸರಿಯಾಗಿ ಬಿಗಿದರೂ ಬಂದ ಹಾನಿ ಹೋಗದು. ದಪ್ಪಭಾಗ ಬಂದಾಗ ಪ್ಯಾಡು ಹೆಚ್ಚು ಕಚ್ಚುತ್ತದೆ, ತೆಳುಭಾಗದಲ್ಲಿ ಸಡಿಲಿಸುತ್ತದೆ. ಅರವತ್ತರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಒಂಬತ್ತು ಹತ್ತು ಸುತ್ತು ಸುತ್ತುತ್ತದೆ. ಅಷ್ಟು ಬಾರಿ ಹಿಡಿತ, ಅಷ್ಟು ಬಾರಿ ಬಿಡಿತ. ನನಗೆ ಛಂದಸ್ಸಿನ ಗುರುಲಘುಗಳು ನೆನಪಾದವು. ನನ್ನ ಎಡಗಡೆಯ ಚಕ್ರ ಇಷ್ಟು ದಿನವೂ ಗುರು ಲಘು ಹಾಕುತ್ತ ಓಡುತ್ತಿತ್ತು. ಪ್ರಸ್ತಾರ ಹಾಕಬೇಕಾದ ಪಂಡಿತ ಸ್ಟಿಯರಿಂಗ್ ಹಿಡಿದು ರಸ್ತೆಯನ್ನು ಬಯ್ಯುತ್ತಿದ್ದ.

ಇಂತಹ ಕಾರಿಗೆ ಎಲ್ಲರೂ "ಡಿಸ್ಕು ಕಾದು ಸೊಟ್ಟಗಾಗಿದೆ" ಎನ್ನುವುದು ವಾಡಿಕೆ. ನಾನು ಮನೆಗೆ ಬಂದು ಓದಿದ ಪುಸ್ತಕಗಳಲ್ಲಿಯೂ ತಾತನ ಮಾತೇ ಇತ್ತು: ಕಾವಿಗೆ ತಟ್ಟೆ ಬಾಗುವುದು ಅಪರೂಪ, ಬಹುಪಾಲು ನಡುಕಗಳು ದಪ್ಪದ ವ್ಯತ್ಯಾಸದಿಂದ ಬರುವಂಥವು. ಓದುವಾಗಲೇ ಇನ್ನೊಂದು ಸಂಗತಿ ಸಿಕ್ಕಿತು. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದುದು 1902ರಲ್ಲಿ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಈ ಗಣಿಗೆ ಬಂದುದೂ ಅದೇ 1902ರಲ್ಲಿ. ಕಾಕತಾಳೀಯ, ಆದರೂ ತಾತನಿಗೆ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು.

ಡಿಸ್ಕಿನ ಮೇಲೆ ಇದಕ್ಕಿಂತ ತೆಳುವಾಗಬಾರದೆಂಬ ಅಳತೆಯನ್ನು ಕೆತ್ತಿರುತ್ತಾರೆ. ನಮ್ಮದು ಆ ಗೆರೆಯ ಹತ್ತಿರ ಬಂದಿದ್ದುದರಿಂದ ಲೇತಿಗೆ ಕೊಟ್ಟು ಹೆರೆಸುವಂತಿರಲಿಲ್ಲ. ಎಡಕ್ಕೂ ಬಲಕ್ಕೂ ಹೊಸದು ಹಾಕಬೇಕು, ಪ್ಯಾಡು ಸಹಿತ. "ನನ್ನ ಕೈಯಲ್ಲಿ ಈಗ ಶಕ್ತಿಯಿಲ್ಲ. ಯಾರು ನಿಮಗೆ ಪ್ಯಾಡ್ ಹಾಕಿದ್ದು? ಪಿನ್ನಿಗೆ ಗ್ರೀಸ್ ಎಲ್ಲ ನೀಟಾಗಿದೆ. ಒಳ್ಳೆ ಕೈ. ಅವನ ಹತ್ರಾನೇ ಮಾಡಿಸಿ" ಎಂದರು ತಾತ.

ನನಗೆ ಉಗುಳು ನುಂಗಲಾಗಲಿಲ್ಲ.

ಅಂದು ಹೊರಡುವ ಮೊದಲು ಕಾಫಿ ಕುಡಿಯುತ್ತ ಕುಳಿತಾಗ ಅವರು ಗಣಿ ಮುಚ್ಚಿದ ದಿನದ ಮಾತೆತ್ತಿದರು. 2001ರ ಫೆಬ್ರವರಿ 28. ನೂರಿಪ್ಪತ್ತು ವರ್ಷ ನಡೆದ ಗಣಿ. ಜಾನ್ ಟೇಲರ್ ಕಂಪೆನಿ ಹೋಗಿ, 1956ರಲ್ಲಿ ಮೈಸೂರು ಸರ್ಕಾರ ಬಂದು, 1962ರಲ್ಲಿ ಕೇಂದ್ರ ಸರ್ಕಾರ ಬಂದು, ಕೊನೆಗೆ ಯಾರೂ ಬೇಡವೆಂದಾಯಿತು. "ಕಡೇ ದಿನಾನೂ ಬ್ರೇಕ್ ನೋಡಿ, ಬುಕ್ಕಲ್ಲಿ ಬರೆದು ಸೈನ್ ಮಾಡಿ ಬಂದೆ" ಎಂದರು. ಅಷ್ಟೆ. ಮತ್ತೆ ಆ ವಿಷಯವೆತ್ತಲಿಲ್ಲ.

ಮನೆಗೆ ಬಂದವನು, ಪ್ಯಾಡಿನ ನಮೂನೆ ತಿಳಿಯಲೆಂದು ಹಳೆಯ ಬಿಲ್ಲನ್ನು ಹುಡುಕಿದೆ. ಅದೊಂದು ಕಥೆ. ಆ ಬಿಲ್ಲನ್ನು ನಾನು ಎಸೆದಿರಲಿಲ್ಲ. ಉಪನ್ಯಾಸಕರ ಕೊಠಡಿಯಲ್ಲಿ ತೋರಿಸಿ ನಗಲೆಂದು ನಿಘಂಟಿನೊಳಗೆ ಇಟ್ಟುಕೊಂಡಿದ್ದೆ. ಅದರ ಹಿಂಬದಿಯಲ್ಲಿ ಹುಡುಗ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದ್ದ. ದೀರ್ಘಗಳೊಂದೂ ನೆಟ್ಟಗಿರಲಿಲ್ಲ, ಒತ್ತಕ್ಷರ ಎಲ್ಲೋ ಬಿದ್ದಿತ್ತು. ನಮ್ಮ ನಾಡಿನ ಕನ್ನಡದ ಗತಿ ನೋಡಿ ಎಂದು ನಾನು ಅದನ್ನು ಗಟ್ಟಿಯಾಗಿ ಓದಿ, ತಪ್ಪುಗಳನ್ನೆಣಿಸಿ, ನಾಲ್ಕು ಜನರನ್ನು ನಗಿಸಿದ್ದೆ. ಈಗ ತೆರೆದು ನೋಡಿದೆ. ತಪ್ಪುಗಳನ್ನು ತಿದ್ದಿ ಓದಿದರೆ ಆ ಸಾಲು ಇಷ್ಟು: "ಡಿಸ್ಕು ಏರುಪೇರು ಇದೆ ಸಾರ್. ಅದನ್ನು ನೋಡದೆ ನಡುಕ ಹೋಗುವುದಿಲ್ಲ."

ಐದು ತಪ್ಪೆಂದು ಎಣಿಸಿದ್ದ ನಾನು ವಾಕ್ಯವನ್ನು ಓದಿರಲೇ ಇಲ್ಲ. ಅದರ ತಾರೀಖು ಹುಣಸೆಮರದ ತಿರುವಿಗಿಂತ ಒಂದು ತಿಂಗಳ ಹಿಂದಿನದು.

ಸೋಮವಾರ ಬೆಳಿಗ್ಗೆ ಷೆಡ್ಡಿಗೆ ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಹೋಗಬಹುದಿತ್ತು. ಹಾಗೆಂದು ಮನಸ್ಸು ಎರಡು ಬಾರಿ ಹೇಳಿತು. ಬಯ್ದದ್ದು ನಾಲ್ಕು ಜನರ ಮುಂದಾದ್ದರಿಂದ ನಾಲ್ಕು ಜನ ಸೇರುವವರೆಗೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕಾದೆ. ಒಳಗೆ ಹೋಗಿ ಬಿಲ್ಲನ್ನು ತೋರಿಸಿ, "ನೀನು ಬರೆದದ್ದು ಸರಿಯಾಗಿತ್ತಪ್ಪ. ನಾನೇ ಓದಲಿಲ್ಲ. ನಟ್ಟು ಹಾಳು ಮಾಡಿದವನೂ ನಾನೇ. ಅಂದು ಆಡಿದ ಮಾತಿಗೆ ಕ್ಷಮಿಸಬೇಕು" ಎಂದೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ಅಷ್ಟು ಹೇಳುವುದರಲ್ಲಿ ಗಂಟಲು ಒಣಗಿತು. ಅವನು ನನ್ನನ್ನೂ ಬಿಲ್ಲನ್ನೂ ನೋಡಿದ. "ಪರವಾಗಿಲ್ಲ ಬಿಡಿ ಸಾರ್" ಎನ್ನುವನೆಂದು ನಿರೀಕ್ಷಿಸಿದ್ದೆ. ಅವನು ಹಾಗೆನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಗಾಡಿ ಒಳಗೆ ತನ್ನಿ" ಎಂದ.

ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಹಳೆಯ ಡಿಸ್ಕು ತೆಗೆದ ಮೇಲೆ ಹಬ್ಬಿನ ಮುಖದ ತುಕ್ಕನ್ನು ಎಮರಿ ಕಾಗದದಿಂದ ಹೊಳೆಯುವ ತನಕ ಉಜ್ಜಿದ. ಹೊಸ ಡಿಸ್ಕಿಗೆ ಬಳಿದಿದ್ದ ಎಣ್ಣೆಯನ್ನು ಒರೆಸಿದ. ಹಿಗ್ಗಿದ ಬೋಲ್ಟನ್ನು ಬದಲಿಸಿದ. ನಟ್ಟುಗಳನ್ನು ಮೊದಲು ಕೈಯಿಂದ ಕೂರಿಸಿ, ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿದ. ಕಡೆಯ ಸುತ್ತಿಗೆ ಟಾರ್ಕ್ ಸ್ಪ್ಯಾನರು. ಹೇಳಿದ ಅಳತೆ ಮುಟ್ಟಿದೊಡನೆ ಅದು ಟಿಕ್ಕೆಂದು ಸದ್ದು ಮಾಡುತ್ತದೆ. ಆ ಸದ್ದಿನ ಮೇಲೆ ಮತ್ತೆ ಬಿಗಿಯುವಂತಿಲ್ಲ. "ನೀವೊಂದು ಬಿಗೀರಿ ಸಾರ್" ಎಂದು ನನ್ನ ಕೈಗೆ ಕೊಟ್ಟ. ಬಿಗಿದೆ. ಟಿಕ್ಕೆಂದಿತು. ಇಷ್ಟು ಕಡಮೆ ಬಲ ಸಾಕೆಂದು ನನಗೆ ತಿಳಿದೇ ಇರಲಿಲ್ಲ. ಆಗ ಅವನ ಮುಖದಲ್ಲಿ ಮೊದಲ ಬಾರಿಗೆ ನಗೆಯ ಹಾಗಿನದೊಂದು ಸುಳಿಯಿತು.

ಹೊಸ ಡಿಸ್ಕಿಗೂ ಪ್ಯಾಡಿಗೂ ಹೊಂದಿಕೆ ಮಾಡಿಸಬೇಕಂತೆ. ಸಂಜೆ ಕೋಲಾರದ ರಸ್ತೆಯಲ್ಲಿ, ಹಿಂದೆ ಗಾಡಿಯಿಲ್ಲದ ಹೊತ್ತು ನೋಡಿ, ಅರವತ್ತರಿಂದ ಹದಿನೈದಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು. ಹೀಗೆ ಎಂಟು ಹತ್ತು ಸಲ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಪ್ಯಾಡಿನ ಅಚ್ಚು ಒಂದೇ ಕಡೆ ಬೀಳುತ್ತದೆ, ಹೊಸ ನಡುಕಕ್ಕೆ ಅದೇ ಬೀಜ. ಕಾದ ಚಕ್ರಕ್ಕೆ ತಣ್ಣೀರು ಹೊಯ್ಯಬಾರದೆಂದೂ ಹೇಳಿದ. ಅವನು ಪಕ್ಕದಲ್ಲಿ ಕುಳಿತಿದ್ದ. ಮೊದಲನೆಯ ಸಲ ಒತ್ತುವಾಗ ನನ್ನ ಕಾಲು ಹಳೆಯ ಅಭ್ಯಾಸದಿಂದ ಹಿಂಜರಿಯಿತು. "ಒತ್ತಿ ಸಾರ್, ಏನೂ ಆಗಲ್ಲ" ಎಂದ. ಒತ್ತಿದೆ. ಗಣಪತಿ ಅಲುಗಲಿಲ್ಲ. ಹಿಂದಿರುಗುವಾಗ ಬಂಗಾರಪೇಟೆಯ ಪಾನಿಪುರಿಯ ಗಾಡಿಯ ಮುಂದೆ ನಿಲ್ಲಿಸಿದೆ. ನಮ್ಮೂರಿನ ಪಾನಿ ನೋಡಲು ಬರಿಯ ನೀರಿನಂತೆ ತಿಳಿಯಾಗಿರುತ್ತದೆ, ನಾಲಗೆಗಿಟ್ಟ ಮೇಲಷ್ಟೇ ಅದರ ಖಾರ ಗೊತ್ತಾಗುವುದು. ಇಬ್ಬರೂ ಮಾತಿಲ್ಲದೆ ಎರಡೆರಡು ತಟ್ಟೆ ತಿಂದೆವು. ಹಣ ಕೊಡಲು ಹೋದರೆ ಅವನು ತನ್ನ ಪಾಲನ್ನು ತಾನೇ ಕೊಟ್ಟ.

ಬೀಗದ ಕೈ ಸಾಸಿವೆ ಡಬ್ಬಿಯಿಂದ ಹೊರಬಂದಿದೆ. ತಂದೆಯವರು ಕೋಲಾರಕ್ಕೆ ಹೋಗಿಬಂದರು. ಮಗಳಿಗೆ ಮಾತ್ರ ಕಾರಿನ ಚಳಿ ಬಿಟ್ಟುದು ಸ್ವಲ್ಪ ಬೇಸರ. ಕಳೆದ ಭಾನುವಾರ ತಾತನನ್ನು ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಕರೆದೊಯ್ದಾಗ, ಅವರು ದಾರಿಯುದ್ದಕ್ಕೂ ಅಂಗೈಯನ್ನು ಮುಂದಿನ ಹಲಗೆಯ ಮೇಲೆ ಒತ್ತಿಟ್ಟುಕೊಂಡೇ ಕುಳಿತಿದ್ದರು. ಇಳಿಯುವಾಗ, ನಟ್ಟುಗಳನ್ನು ಮತ್ತೊಮ್ಮೆ ನೋಡಿಸಿದಿರಾ ಎಂದು ಕೇಳಿದರು. ಹೊಸದಾಗಿ ಬಿಗಿದ ಮೇಲೆ ಐವತ್ತು ನೂರು ಕಿಲೋಮೀಟರು ಓಡಿಸಿ ಮತ್ತೆ ನೋಡಬೇಕಂತೆ. ಷೆಡ್ಡಿನ ಹುಡುಗನೂ ಅದನ್ನೇ ಹೇಳಿದ್ದ. ಈ ಬಾರಿಯ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದೂ ಕೊಟ್ಟಿದ್ದ. ಶನಿವಾರವೇ ಹೋಗಿ ನೋಡಿಸಿಕೊಂಡು ಬಂದೆನೆಂದು ಹೇಳಿದೆ.